ಎಕೋ ರಿಪೋರ್ಟಿನ 40

ಕಲಬುರಗಿಯ ನೆಹರೂ ಗಂಜ್‌ನಲ್ಲಿ 30 ವರ್ಷ ತೊಗರಿ ಚೀಲ ತೂಗಿದ ನಮ್ಮ ಕಾಕಾಗೆ ಹೋದ ವರ್ಷ ಹಾರ್ಟ್ ಅಟ್ಯಾಕ್ ಆಯಿತು. ಕಟ್ಟಿದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡು ಐದನೇ ದಿನ ಮನೆಗೆ ಬಂದರು. ಮೂರು ತಿಂಗಳಾಗುವಷ್ಟರಲ್ಲಿ ಮಾತ್ರೆ ಡಬ್ಬಿ ಪಕ್ಕಕ್ಕೆ ಸರಿಸಿ, "ನಳ ಕಟ್ಟಿತ್ತು, ಬಿಡಿಸ್ಯಾರ. ಈಗ ಛಲೋ ಅದೀನಿ, ಇಷ್ಟು ಗುಳಗಿ ಯಾಕ ನುಂಗಬೇಕು?" ಅಂದರು.

ನಳದ ಮಾತು ಸುಳ್ಳಲ್ಲ. ಆದರೆ ನಳ ಕಟ್ಟಿದ ಹೊತ್ತಿನಲ್ಲಿ ಒಣಗಿದ ಬೆಳೆಯ ಗತಿ? ರಕ್ತ ನಿಂತು 20ರಿಂದ 40 ನಿಮಿಷಕ್ಕೆಲ್ಲ ಹೃದಯದ ಸ್ನಾಯುಕೋಶಗಳು ಸಾಯತೊಡಗುತ್ತವೆ. ಸತ್ತವುಗಳ ಜಾಗಕ್ಕೆ ಹೊಸವು ಹುಟ್ಟುವುದು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಸ್ವೀಡನ್ನಿನ ವಿಜ್ಞಾನಿಗಳು 2009ರಲ್ಲಿ ಅಳೆದ ರೀತಿ ನನಗೆ ಈಗಲೂ ಸೋಜಿಗ. ಶೀತಲ ಸಮರದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲ ಜನರ ಡಿಎನ್‌ಎಯಲ್ಲೂ ಕೂತಿದೆ. ಅದರ ಪ್ರಮಾಣ ನೋಡಿ ಕೋಶ ಯಾವ ಕಾಲದಲ್ಲಿ ಹುಟ್ಟಿತೆಂದು ಲೆಕ್ಕ ಹಾಕಿದರು. 25ರ ಹರೆಯದಲ್ಲಿ ಹೃದಯ ಸ್ನಾಯುವಿನ ಶೇ 1ರಷ್ಟು ಕೋಶಗಳು ವರ್ಷಕ್ಕೆ ಹೊಸದಾಗುತ್ತವೆ, 75ರಲ್ಲಿ ಶೇ 0.45 ಮಾತ್ರ.

ಹಾಗಾಗಿ ದೇಹ ತೇಪೆ ಹಾಕುತ್ತದೆ. ಆರೆಂಟು ವಾರಗಳಲ್ಲಿ ಸತ್ತ ಜಾಗದಲ್ಲಿ ಕೊಲಾಜೆನ್ ನಾರಿನ ಕಲೆ ಕಟ್ಟುತ್ತದೆ. ತೇಪೆ ಗಟ್ಟಿ, ಆದರೆ ಅದಕ್ಕೆ ರಕ್ತ ಹಿಂಡಲು ಬರುವುದಿಲ್ಲ. ನೊಗದ ಒಂದು ಎತ್ತು ಕುಂಟಾದರೆ ಭಾರವೆಲ್ಲ ಇನ್ನೊಂದರ ಹೆಗಲಿಗೆ ಬೀಳುತ್ತದಲ್ಲ, ಹಾಗೆ ಉಳಿದ ಸ್ನಾಯು ಎಳೆಯುತ್ತ ಎಳೆಯುತ್ತ ಹಿಗ್ಗುತ್ತದೆ. ಹೃದಯದ ಎಡ ಕೆಳಕೋಣೆ ಚೆಂಡಿನಂತೆ ದುಂಡಗಾಗುತ್ತದೆ. ಕೋಣೆ ಅಗಲವಾದಷ್ಟೂ ಗೋಡೆಯ ಮೇಲೆ ಜಗ್ಗಾಟ ಹೆಚ್ಚು, ಜಗ್ಗಾಟ ಹೆಚ್ಚಿದಷ್ಟೂ ಕೋಣೆ ಇನ್ನೂ ಅಗಲ. ಮೇಲಾಗಿ, ರಕ್ತ ಸಾಲುತ್ತಿಲ್ಲವೆಂದು ಬಗೆದ ದೇಹ ಅಡ್ರಿನಲಿನ್, ಆಂಜಿಯೊಟೆನ್ಸಿನ್ ಎಂಬ ಹಾರ್ಮೋನುಗಳನ್ನು ಸುರಿಸಿ ಸೋತ ಎತ್ತಿಗೇ ಬಾರುಕೋಲು ಬೀಸುತ್ತದೆ. ಇಷ್ಟೆಲ್ಲ ನಡೆಯುವಾಗ ನೋವೇ ಇರುವುದಿಲ್ಲ. ಕಾಕಾ "ಛಲೋ ಅದೀನಿ" ಅಂದದ್ದು ಇಂಥ ದಿನಗಳಲ್ಲೇ.

ಆ ಬಾರುಕೋಲು ಬೀಸುವ ಕೈಯನ್ನು ತಡೆಯುವುದು ಡಬ್ಬಿಯಲ್ಲಿದ್ದ ರಾಮಿಪ್ರಿಲ್, ಮೆಟೊಪ್ರೊಲಾಲ್. ರಾಮಿಪ್ರಿಲ್‌ನ ಅಣ್ಣ ಕ್ಯಾಪ್ಟೊಪ್ರಿಲ್ ಅನ್ನು ಅಟ್ಯಾಕಿನಿಂದ ಬಲಗುಂದಿದ ಹೃದಯದ 2,231 ಜನರಲ್ಲಿ ಪರೀಕ್ಷಿಸಿದ ಫಲಿತಾಂಶ 1992ರಲ್ಲಿ ಬಂತು. ಸರಾಸರಿ ಮೂರೂವರೆ ವರ್ಷದಲ್ಲಿ ಔಷಧಿಯೇ ಇಲ್ಲದ ಬರೀ ಸಪ್ಪೆ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 25 ಜನ ತೀರಿಕೊಂಡರೆ, ಔಷಧಿ ತೆಗೆದುಕೊಂಡವರಲ್ಲಿ 20. ಇನ್ನು ರಕ್ತ ತೆಳುವಾಗಿಸುವ ಮಾತ್ರೆಯನ್ನು ಮೊದಲ ವರ್ಷವೇ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು.

ಕಾಕಾರ ಹೃದಯದ ಸ್ಕ್ಯಾನ್ ಆದ ಎಕೋದ ರಿಪೋರ್ಟಿನಲ್ಲಿ "ಇಎಫ್ 40" ಅಂತಿತ್ತು. ಇಎಫ್ ಅಂದರೆ ಎಡ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಶೇಕಡಾ ಎಷ್ಟು ಹೊರಬೀಳುತ್ತದೆ ಎಂಬ ಲೆಕ್ಕ. ಮನೆಯವರೆಲ್ಲ ಅದನ್ನು ನೂರಕ್ಕೆ ನಲವತ್ತು ಮಾರ್ಕ್ಸ್ ಅಂತ ಓದಿ ಗಾಬರಿಯಾದರು. ನೂರು ಯಾರಿಗೂ ಬರುವುದಿಲ್ಲ. ಕೋಣೆಯಲ್ಲಿ ತುಂಬಿದ 120 ಮಿಲಿಲೀಟರ್ ರಕ್ತದಲ್ಲಿ 70ರಷ್ಟು ಹೊರಬಿದ್ದರೆ, ಅಂದರೆ ಶೇ 58, ಅದು ಗಟ್ಟಿಮುಟ್ಟಾದ ಹೃದಯವೇ. ತಮಾಷೆಯೆಂದರೆ ನಮ್ಮ ಕಾಲದ ಎಸ್ಸೆಸ್ಸೆಲ್ಸಿಯ ಪಾಸ್ ಗೆರೆಯಾದ 35 ಇಲ್ಲೂ ಮುಖ್ಯ. ಅಟ್ಯಾಕ್ ಆಗಿ 40 ದಿನ ಕಳೆದ ಮೇಲೂ ಇಎಫ್ 35 ಅಥವಾ ಅದಕ್ಕಿಂತ ಕೆಳಗಿದ್ದರೆ, ಎದೆಯಲ್ಲಿ ಶಾಕ್ ಕೊಡುವ ಪುಟ್ಟ ಯಂತ್ರ ಇಡಬೇಕೇ ಎಂದು ವೈದ್ಯರು ಯೋಚಿಸುತ್ತಾರೆ. ಕಲೆಯ ಸುತ್ತ ವಿದ್ಯುತ್ತು ದಾರಿ ತಪ್ಪಿ ಗಿರಕಿ ಹೊಡೆಯಲು ಶುರುವಾದರೆ ಬಡಿತ ಹುಚ್ಚೆದ್ದು ಮನುಷ್ಯ ಕುಸಿಯಬಹುದು, ಎಷ್ಟೋ ವರ್ಷಗಳ ಮೇಲೂ.

ಕಾಕಾಗೆ ಹಾಗಾಗಲಿಲ್ಲ. ಒಂದು ಸಂಜೆ ಚಪ್ಪಲಿ ಬಿಚ್ಚಿದಾಗ ಪಟ್ಟಿಯ ಗುರುತು ಪಾದದ ಮೇಲೆ ಹಳ್ಳದಂತೆ ಉಳಿಯಿತು. ರಾತ್ರಿ ಎರಡು ದಿಂಬಿಲ್ಲದೆ ಮಲಗಲಾಗಲಿಲ್ಲ. ದೇಹದಲ್ಲಿ ನೀರು ನಿಲ್ಲುತ್ತಿತ್ತು. ಈಗ ಮಾತ್ರೆಗಳು ವಾಪಸ್ ಬಂದಿವೆ, ನೀರು ಇಳಿಸುವ ಗುಳಿಗೆಯೂ ಸೇರಿದೆ. ರೊಟ್ಟಿ ಜೊತೆಗಿನ ಶೇಂಗಾ ಹಿಂಡಿ, ಉಪ್ಪಿನಕಾಯಿ ಕಡಿಮೆಯಾಗಿವೆ. ಕಲಬುರಗಿಯ ಬಿಸಿಲು 43 ಡಿಗ್ರಿ ದಾಟಿ ಬೆವರು ಸುರಿದರೆ ಅದೇ ಗುಳಿಗೆ ಬಿ.ಪಿ. ಇಳಿಸಿ ತಲೆ ತಿರುಗಿಸುವುದೂ ಉಂಟು. ಹಾಗಾಗಿ ಬೇಸಿಗೆಗೆ ಮೊದಲೇ ಡೋಸ್ ಬಗ್ಗೆ ಡಾಕ್ಟರರನ್ನು ಕೇಳಿ ಬಂದಿದ್ದಾರೆ.

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಕೂಡಲೇ ತೂಕದ ಯಂತ್ರ ಹತ್ತಿ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಫೋನ್ ಮಾಡಬೇಕೆಂದು ಡಾಕ್ಟರ್ ಹೇಳಿದ್ದಾರೆ. ಮೊನ್ನೆ 62.4 ಇತ್ತು. "ಚೀಲದ ತೂಕದಾಗ ನೂರು ಗ್ರಾಂ ಹೆಚ್ಚುಕಮ್ಮಿ ಆದ್ರೂ ರೈತರು ಜಗಳಕ್ಕ ಬರ್ತಿದ್ರು," ಅಂದು ಪೆನ್ನು ಕ್ಯಾಲೆಂಡರಿನ ದಾರಕ್ಕೆ ಸಿಕ್ಕಿಸಿದರು.