ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್: ತಪ್ಪಿನಲ್ಲಿ ಪಾಲು

ಅಪಘಾತದಲ್ಲಿ ಪೆಟ್ಟು ತಿಂದವನ ಅಜಾಗರೂಕತೆಯೂ ಆ ಅಪಘಾತಕ್ಕೆ ಕಾರಣವಾಗಿದ್ದರೆ, ಅವನ ಪಾಲಿಗೆ ಬರುವಷ್ಟನ್ನು ಪರಿಹಾರದಿಂದ ಕಳೆಯಲಾಗುತ್ತದೆ. ಕೋರ್ಟಿನ ಭಾಷೆಯಲ್ಲಿ ಇದೇ ಕಾಂಟ್ರಿಬ್ಯೂಟರಿ ನೆಗ್ಲಿಜೆನ್ಸ್. ಹತ್ತು ಲಕ್ಷ ರೂಪಾಯಿ ಪರಿಹಾರ ನಿಗದಿಯಾಗಿ, ಗಾಯಾಳುವಿನ ತಪ್ಪು ಶೇ 30 ಎಂದು ತೀರ್ಮಾನವಾದರೆ ಕೈಗೆ ಬರುವುದು ಏಳು ಲಕ್ಷ. ಲೆಕ್ಕ ಇಷ್ಟೇ. ಜಗಳವೆಲ್ಲ ಆ ‘ಕಾರಣ’ ಎಂಬುದರ ಸುತ್ತ ನಡೆಯುತ್ತದೆ.

ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೊರಟ ಕಾರಿಗೆ ತಿರುವಿನಲ್ಲಿ ಎದುರಿನಿಂದ ಬಂದ ಪಿಕಪ್ ಗುದ್ದಿತು ಎಂದುಕೊಳ್ಳಿ. ಕಾರು ಓಡಿಸುತ್ತಿದ್ದವರ ಕಾಲು ಮುರಿಯಿತು. ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುತ್ತಾರೆ. ಪಿಕಪ್‌ನ ವಿಮಾ ಕಂಪನಿ ಸಲ್ಲಿಸುವ ತಕರಾರು ಹೀಗಿರುತ್ತದೆ: ಅರ್ಜಿದಾರರ ಲೈಸೆನ್ಸ್ ಅವಧಿ ಮುಗಿದಿತ್ತು, ಅವರು ಹಾರನ್ ಮಾಡಲಿಲ್ಲ, ಅತಿ ವೇಗದಲ್ಲಿದ್ದರು, ಆದ್ದರಿಂದ ತಪ್ಪು ಅವರದೇ, ನಾವು ಹೊಣೆಯಲ್ಲ. ಬಹುತೇಕ ಪ್ರಕರಣಗಳಲ್ಲಿ ಹೆಸರು, ದಿನಾಂಕ ಬದಲಿಸಿ ಇದನ್ನೇ ಬರೆಯುತ್ತಾರೆ ಎಂಬುದು ನನ್ನ ಅನಿಸಿಕೆ. ಓದಿದ ಮನೆಯವರು ಮಾತ್ರ ಕಂಗಾಲಾಗುತ್ತಾರೆ, ಅರ್ಧಕ್ಕೆ ರಾಜಿಯಾಗಲೂ ಸಿದ್ಧರಾಗುತ್ತಾರೆ.

ಕಾನೂನು ಮುರಿಯುವುದು ಬೇರೆ, ಅಪಘಾತಕ್ಕೆ ಕಾರಣವಾಗುವುದು ಬೇರೆ. ಲೈಸೆನ್ಸ್ ಇಲ್ಲದೆ ಓಡಿಸುವುದು ಅಪರಾಧವೇ ಹೌದು. ಆದರೆ ಅಷ್ಟರಿಂದಲೇ ಅಪಘಾತದಲ್ಲಿ ಅವನ ನಿರ್ಲಕ್ಷ್ಯವಿತ್ತು ಎನ್ನಲಾಗದು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ಹೇಳಿತು. 2020ರ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ಒಂದೇ ಬೈಕಿನಲ್ಲಿ ಮೂವರಿದ್ದರು, ಹಿಂದಿನಿಂದ ಕಾರು ಗುದ್ದಿತ್ತು. ಮೂವರು ಕುಳಿತಿದ್ದರೆಂಬ ಕಾರಣಕ್ಕೆ ಪರಿಹಾರದಲ್ಲಿ ಮಾಡಿದ್ದ ಕಡಿತವನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಮೂರನೆಯವನು ಇಲ್ಲದಿದ್ದರೂ ಹಿಂದಿನ ಕಾರು ಗುದ್ದುತ್ತಿತ್ತಲ್ಲ!

ಹಾಗೆಂದು ಪಾಲು ಯಾವಾಗಲೂ ಸೊನ್ನೆಯಲ್ಲ. ಮುಂದಿನ ಲಾರಿಗೆ ಅಂಟಿಕೊಂಡಂತೆ ಹೋಗಿ ಅದಕ್ಕೆ ಗುದ್ದಿದವರಿಗೆ 2018ರ ನಿಶಾನ್ ಸಿಂಗ್ ತೀರ್ಪು ಆಸರೆಯಾಗುವುದಿಲ್ಲ, ಅಲ್ಲಿ ಅಂತರ ಕಾಯ್ದುಕೊಳ್ಳದ್ದೇ ಮುಳುವಾಯಿತು. ಕಿರಿದಾದ ಘಾಟಿಯಲ್ಲಿ ಇಳಿಯುವ ವಾಹನ ಹತ್ತುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮವಿದೆ. ಹುಲಿಕಲ್‌ನಲ್ಲಿ ಇಳಿಯುತ್ತಾ ನುಗ್ಗಿದವರು ಮಳೆಯನ್ನೋ ಮಂಜನ್ನೋ ದೂರಿದರೆ ನಡೆಯದು.

ಗಾಯಾಳುವಿನದೂ ತಪ್ಪಿತ್ತು ಎಂದು ಯಾರು ಹೇಳುತ್ತಾರೋ ಅದನ್ನು ಸಾಬೀತುಪಡಿಸುವ ಭಾರವೂ ಅವರದೇ. ಕಂಪನಿಯವರು ಹೆಚ್ಚಾಗಿ ಎತ್ತಿ ತೋರಿಸುವುದು ಪೊಲೀಸರ ಸ್ಥಳ ಮಹಜರು ಮತ್ತು ಕೈಯಲ್ಲಿ ಬರೆದ ನಕ್ಷೆಯನ್ನು. ಎರಡು ಗೆರೆಯ ರಸ್ತೆ, ಒಂದು ತುದಿಯಲ್ಲಿ ‘ತೀರ್ಥಹಳ್ಳಿ ಕಡೆಗೆ’, ಇನ್ನೊಂದು ತುದಿಯಲ್ಲಿ ‘ಆಗುಂಬೆ ಕಡೆಗೆ’, ನಡುವೆ ಎರಡು ಚೌಕ, ಕೆಳಗೆ ಪಂಚರ ಸಹಿ. ಮಹಜರು ನಡೆಯುವ ಹೊತ್ತಿಗೆ ಬಸ್ಸುಗಳು ಸಾಲುಗಟ್ಟಿ ನಿಂತವೆಂದು ವಾಹನಗಳನ್ನು ಪಕ್ಕಕ್ಕೆ ತಳ್ಳಿರಬಹುದು. ಡಿಕ್ಕಿಯಾದ ಜಾಗವನ್ನು ನಿಜವಾಗಿ ಹೇಳುವುದು ಬ್ರೇಕಿನ ಗುರುತು, ಮಡ್‌ಗಾರ್ಡಿನಿಂದ ಉದುರಿದ ಕೆಸರು, ಹೆಡ್‌ಲೈಟಿನ ಚೂರುಗಳು. ಮಲೆನಾಡಿನ ಮಳೆಯಲ್ಲಿ ಮೊದಲ ಎರಡು ತೊಳೆದು ಹೋಗುತ್ತವೆ, ಉಳಿಯುವುದು ಗಾಜಿನ ಚೂರು. ಅದು ರಸ್ತೆಯ ಯಾವ ಬದಿಯಲ್ಲಿ ಬಿದ್ದಿದೆ ಎಂಬುದು ಕಾಣುವಂತೆ ಮೈಲಿಗಲ್ಲೋ ತಿರುವಿನ ಫಲಕವೋ ಸೇರಿದ ಒಂದು ಮೊಬೈಲ್ ಚಿತ್ರ ಮುಂದೆ ದೊಡ್ಡ ಸಾಕ್ಷ್ಯವಾಗುತ್ತದೆ. ವಾಹನಗಳು ಕೊನೆಗೆ ಎಲ್ಲಿ ನಿಂತಿದ್ದವು ಎಂದು ಮಹಜರಿನಲ್ಲಿರುವುದರಿಂದಲೇ ತಪ್ಪು ಯಾರದೆಂದು ನಿರ್ಧರಿಸಲಾಗದು ಎಂದು 2013ರ ಜಿಜು ಕುರುವಿಲ ತೀರ್ಪು ಹೇಳಿದೆ. ಆರ್‌ಟಿಒ ಕಚೇರಿಯ ಮೋಟಾರು ವಾಹನ ನಿರೀಕ್ಷಕರ ವರದಿಯನ್ನೂ ತಪ್ಪದೆ ಪಡೆಯಿರಿ. ಯಾವ ವಾಹನದ ಯಾವ ಮೂಲೆ ಜಖಂ ಆಗಿದೆ ಎಂಬುದು ಅದರಲ್ಲಿರುತ್ತದೆ.

ಕಾರಿನಲ್ಲಿ ಸುಮ್ಮನೆ ಕುಳಿತಿದ್ದವರ ಸ್ಥಿತಿ ಬೇರೆ. ಇಬ್ಬರು ಚಾಲಕರದೂ ತಪ್ಪಿದ್ದರೆ ಅದು ಕಾಂಪೋಸಿಟ್ ನೆಗ್ಲಿಜೆನ್ಸ್. ಪ್ರಯಾಣಿಕರು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದಲಾದರೂ ಕೇಳಬಹುದು ಎಂದು 2015ರ ಖೇನ್‌ಯೇಯ್ ತೀರ್ಪು ಹೇಳುತ್ತದೆ. ಚಾಲಕನ ಪಾಲಿನ ತಪ್ಪನ್ನು ಅವರ ಪರಿಹಾರದಿಂದ ಕಳೆಯುವಂತಿಲ್ಲ.

ಇನ್ನೊಂದು ಗೊಂದಲವನ್ನು ಬಿಡಿಸಬೇಕು. ಜಖಂ ಆದ ಕಾರಿನ ರಿಪೇರಿಗೆ ನಿಮ್ಮದೇ ಸಮಗ್ರ ಪಾಲಿಸಿಯಲ್ಲಿ ಹಣ ಕೇಳಿದಾಗ ‘ತಪ್ಪು ನಿಮ್ಮದು’ ಎನ್ನುವುದು ನಿರಾಕರಣೆಗೆ ಕಾರಣವೇ ಅಲ್ಲ. ತಪ್ಪು ನಿಮ್ಮದಾದರೂ ಸಿಗಲಿ ಎಂದೇ ಪ್ರೀಮಿಯಂ ಕಟ್ಟಿರುತ್ತೀರಿ. ಅಲ್ಲಿ ಅಡ್ಡ ಬರುವುದು ಲೈಸೆನ್ಸ್ ಇಲ್ಲದಿರುವುದು, ಕುಡಿದು ಓಡಿಸಿದ್ದು, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಬಿಟ್ಟದ್ದು ಮುಂತಾದವು. ಇಂಥ ನಿರಾಕರಣೆ ಅನ್ಯಾಯವೆನಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ಅವರು ಮತ್ತೆ ತಿರಸ್ಕರಿಸಿದರೆ, ಅಥವಾ ಒಂದು ತಿಂಗಳು ಸುಮ್ಮನಿದ್ದರೆ, ಒಂದು ವರ್ಷದೊಳಗೆ, ವಿಮಾ ದೂರುಗಳನ್ನು ಬಗೆಹರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕವಿಲ್ಲ. ಗ್ರಾಹಕರ ಆಯೋಗದ ದಾರಿಯೂ ಇದೆ, ಅಲ್ಲಿ ಗಡುವು ಎರಡು ವರ್ಷ.

ಗಾಯ, ಸಾವಿನ ಪರಿಹಾರದ ಅರ್ಜಿಗೆ ಮಾತ್ರ ನ್ಯಾಯಮಂಡಳಿಯೇ ಜಾಗ. ಆಗುಂಬೆ ಘಾಟಿಯ ಕೆಳಗಿನ ಸೋಮೇಶ್ವರ ಉಡುಪಿ ಜಿಲ್ಲೆಗೆ ಸೇರಿದ್ದು. ಅಲ್ಲಿ ಅಪಘಾತವಾದರೂ ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಲು ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಅವಕಾಶ ಕೊಡುತ್ತದೆ. ತೀರ್ಥಹಳ್ಳಿಯವರು ಪ್ರತಿ ವಿಚಾರಣೆಗೂ ಘಾಟಿ ಇಳಿಯಬೇಕಾಗಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಾದ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. ಅದರ ಸಿಂಧುತ್ವ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಯಾಗಿದ್ದರೂ, ಆರು ತಿಂಗಳೊಳಗೇ ಹಾಕುವುದು ಕ್ಷೇಮ.