ಅಮೆರಿಕದ ಕಾಲೇಜು ಕಾರ್ಡ್: ಶುರುವಾಗಿದ್ದು ಊಟದ ಲೆಕ್ಕದಿಂದ

ವಿದ್ಯಾರ್ಥಿ ಗುರುತಿನ ಚೀಟಿ ಎಲೆಕ್ಟ್ರಾನಿಕ್ ಆಗಿದ್ದು ಹೇಗೆ ಅಂತ ಓದಲು ಕೂತರೆ ಹೆಚ್ಚಿನವರು ಗೇಟು, ಸೆಕ್ಯುರಿಟಿ, ಕಳ್ಳತನ ಅಂತ ಹೊರಡುತ್ತಾರೆ. ಆ ದಾರಿ ಹಿಡಿದರೆ ಈ ಪಾಠ ತಲೆಗೆ ಹತ್ತೋದಿಲ್ಲ. ಅಮೆರಿಕದ ಕ್ಯಾಂಪಸ್‌ಗಳಲ್ಲಿ ಯಂತ್ರ ಓದುವ ಕಾರ್ಡಿಗಾಗಿ ಮೊದಮೊದಲು ದುಂಬಾಲು ಬಿದ್ದವರು ಊಟದ ಹಾಲ್ ನಡೆಸುವವರು. ಹಾಗಾಗಿ ಮೆಸ್ಸಿನಿಂದಲೇ ಶುರು ಮಾಡೋಣ.

ಅಲ್ಲಿ ಹಾಸ್ಟೆಲ್ ವಿದ್ಯಾರ್ಥಿ ಸೆಮಿಸ್ಟರ್ ಶುರುವಿಗೇ ವಾರಕ್ಕೆ ಇಷ್ಟು ಊಟ ಅಂತ ದುಡ್ಡು ಕಟ್ಟಿಬಿಡುತ್ತಾನೆ. ವಾರಕ್ಕೆ 14 ಊಟದ ಪ್ಲಾನ್, 19 ಊಟದ ಪ್ಲಾನ್, ಹೀಗೆ. (21 ಯಾಕಲ್ಲ ಅಂದರೆ ಶನಿವಾರ ಭಾನುವಾರ ತಿಂಡಿ ಮತ್ತು ಮಧ್ಯಾಹ್ನದ ಊಟ ಸೇರಿಸಿ ಒಂದೇ ಹೊತ್ತು ಮಾಡಿಬಿಡುತ್ತಾರೆ.) ಈಗ ಇದರ ಒಳಗುಟ್ಟು ನೋಡಿ. 100 ಜನ 19 ಊಟಕ್ಕೆ ದುಡ್ಡು ಕಟ್ಟಿದರೆ ಕಾಗದದ ಮೇಲೆ 1900 ಊಟ. ಆದರೆ ಬೆಳಗ್ಗೆ ಏಳದವರು, ಊರಿಗೆ ಹೋದವರು, ಹೊರಗೆ ಪಿಜ್ಜಾ ತಿಂದವರು ಎಲ್ಲ ಇರುತ್ತಾರೆ ಅಲ್ವಾ? ನಿಜಕ್ಕೂ ಬರುವುದು 1300 ಅಂದುಕೊಳ್ಳಿ. ಮೆಸ್ ದರ ಇಡುವುದೇ ಈ 1300ರ ಅಂದಾಜಿನ ಮೇಲೆ. ತಪ್ಪಿಸಿಕೊಂಡ ಊಟವೇ ಅವರ ಉಳಿತಾಯ. ಆದ್ದರಿಂದ ಒಬ್ಬ ತಾನು ತಿನ್ನದ ಊಟಕ್ಕೆ ತನ್ನ ಚೀಟಿ ಕೊಟ್ಟು ಗೆಳೆಯನನ್ನು ಕಳಿಸಿದರೆ, ನೋಡೋಕೆ ಅದು ಸಣ್ಣ ಉಪಕಾರ, ಎಲ್ಲರೂ ಹಾಗೇ ಮಾಡಿದರೆ ಇಡೀ ಲೆಕ್ಕ ಕುಸಿಯುತ್ತದೆ.

ಬಾಗಿಲಲ್ಲಿ ಪಟ್ಟಿ ಹಿಡಿದು ಕೂತವರು ಹೆಸರಿನ ಮುಂದೆ ಗೀಟು ಹಾಕುತ್ತಿದ್ದ ಕಾಲದಲ್ಲಿ ಇದನ್ನು ಹಿಡಿಯೋದು ಕಷ್ಟವೇ ಇತ್ತು. ಎರಡು ಊಟದ ಹಾಲ್ ಇದ್ದರಂತೂ ಮುಗೀತು, ಇಲ್ಲಿಯ ಪಟ್ಟಿಗೆ ಅಲ್ಲಿಯ ಗೀಟು ಗೊತ್ತಿಲ್ಲ. 1970ರ ದಶಕದಲ್ಲಿ ವ್ಯಾಲಿ-ಡೈನ್ ಥರದ ಕಾರ್ಡ್ ಓದುವ ಯಂತ್ರಗಳು ಊಟದ ಹಾಲ್ ಬಾಗಿಲಿಗೆ ಬಂದಿದ್ದು ಈ ಕಾಟಕ್ಕೇ. ಮುಂದೆ ಕ್ಯಾಂಪಸ್ ಕಾರ್ಡಿನಲ್ಲಿ ದೊಡ್ಡ ಹೆಸರು ಮಾಡಿದ ಸಿಬೋರ್ಡ್ ಕಂಪನಿಯೂ 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ದೊಡ್ಡ ಅಡುಗೆಮನೆಗಳ ಮೆನು ಲೆಕ್ಕದ ಸಾಫ್ಟ್‌ವೇರ್.

ಕಾರ್ಡಿನ ಹಿಂದಿನ ಕಪ್ಪು ಪಟ್ಟಿಯ ಕಥೆ ಬೇಗ ಮುಗಿಸಿಬಿಡುತ್ತೇನೆ. ಐಬಿಎಂನ ಎಂಜಿನಿಯರ್ ಫಾರೆಸ್ಟ್ ಪ್ಯಾರಿ 1960ರ ದಶಕದಲ್ಲಿ ಮಾಹಿತಿ ಬರೆದಿಡುವ ಕಾಂತೀಯ (ಮ್ಯಾಗ್ನೆಟಿಕ್) ಟೇಪನ್ನು ಪ್ಲಾಸ್ಟಿಕ್ ಕಾರ್ಡಿಗೆ ಅಂಟಿಸಲಾಗದೆ ಒದ್ದಾಡುತ್ತಿದ್ದಾಗ, ಅವರ ಹೆಂಡತಿ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಕೂರಿಸಿದರು ಅನ್ನುವುದು ಎಲ್ಲರೂ ಹೇಳುವ ಕಥೆ. ನಮಗೆ ಬೇಕಾದದ್ದು ಇಷ್ಟು: ಪಟ್ಟಿಯಲ್ಲಿ ಮೂರು ಸಾಲುಗಳಿವೆ, ಟ್ರ್ಯಾಕ್ ಅನ್ನುತ್ತಾರೆ. ಮೊದಲನೆಯದು ವಿಮಾನ ಕಂಪನಿಗಳಿಗಾಗಿ ಬಂದದ್ದು, 79 ಅಕ್ಷರ ಹಿಡಿಯುತ್ತದೆ. ಎರಡನೆಯದು ಬ್ಯಾಂಕಿನವರದ್ದು, ಬರೀ ಅಂಕಿ, 40 ಸ್ಥಾನ. ಕ್ಯಾಂಪಸ್‌ಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದು ಈ ಎರಡನೆಯದನ್ನು. 40 ಸ್ಥಾನದಲ್ಲಿ ಫೋಟೋ ಹಿಡಿಯೋಲ್ಲ, ಅಂಕಪಟ್ಟಿ ಹಿಡಿಯೋಲ್ಲ. ಒಂದು ನಂಬರ್ ಹಿಡಿಯುತ್ತದೆ, ಅಷ್ಟೇ.

ಇನ್ನು ಮುಖ್ಯ ಭಾಗ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ದುಡ್ಡು ಎಲ್ಲಿದೆ? ಇದೊಂದೇ ಪ್ರಶ್ನೆ ಇಟ್ಟುಕೊಂಡರೆ ಹಳೆಯ ವ್ಯವಸ್ಥೆಗಳನ್ನೆಲ್ಲ ಎರಡು ಗುಂಪು ಮಾಡಬಹುದು. ಒಂದು ಗುಂಪಿನಲ್ಲಿ ದುಡ್ಡು ಕಾರ್ಡಿನ ಮೇಲೇ ಇರುತ್ತದೆ. ಲೈಬ್ರರಿಯ ಜೆರಾಕ್ಸ್ ಯಂತ್ರಕ್ಕೆ ಬಳಸುತ್ತಿದ್ದ ಕಾರ್ಡುಗಳು ಹೀಗೇ. ಪಟ್ಟಿಯ ಮೇಲೆ 5 ಡಾಲರ್ ಅಂತ ಬರೆದಿರುತ್ತದೆ, ಒಂದು ಪ್ರತಿ ತೆಗೆದರೆ ಯಂತ್ರ ಅದನ್ನು ಅಳಿಸಿ ಹೊಸ ಮೊತ್ತ ಬರೆಯುತ್ತದೆ. ತಂತಿ ಬೇಡ, ಕಂಪ್ಯೂಟರ್ ಬೇಡ, ಅಗ್ಗ. ಆದರೆ 5 ಡಾಲರ್ ಇದ್ದಾಗ ಪಟ್ಟಿಯ ಬರಹವನ್ನು ನಕಲು ಮಾಡಿಟ್ಟುಕೊಂಡು, ಖಾಲಿಯಾದ ಮೇಲೆ ವಾಪಸ್ ಬರೆದರೆ? ಮತ್ತೆ 5 ಡಾಲರ್. ಕಾರ್ಡ್ ಕಳೆದರೆ ದುಡ್ಡೂ ಹೋಯ್ತು, ಅದು ಬೇರೆ.

ಇನ್ನೊಂದು ಗುಂಪಿನಲ್ಲಿ ಕಾರ್ಡಿನಲ್ಲಿ ನಂಬರ್ ಮಾತ್ರ. ದುಡ್ಡು, ಊಟದ ಲೆಕ್ಕ, ಯಾವ ಬಾಗಿಲು ತೆರೆಯಬಹುದು ಅನ್ನುವುದು, ಎಲ್ಲವೂ ಎಲ್ಲೋ ಒಂದು ಕೋಣೆಯ ಕಂಪ್ಯೂಟರಿನಲ್ಲಿ. ರೀಡರ್ ನಂಬರ್ ಓದಿ ತಂತಿಯಲ್ಲಿ ಕಳಿಸುತ್ತದೆ, ಕಂಪ್ಯೂಟರ್ ಹೌದು ಅಥವಾ ಇಲ್ಲ ಅನ್ನುತ್ತದೆ. ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯ 1980ರ ದಶಕದ ನಡುವಿನಲ್ಲಿ ಈ ದಾರಿ ಹಿಡಿದ ಮೊದಲಿಗರಲ್ಲಿ ಒಂದು. ಅಲ್ಲಿ ಊಟಕ್ಕೆ ಫುಡ್ ಪಾಯಿಂಟ್ಸ್, ಉಳಿದ ಖರ್ಚಿಗೆ ಫ್ಲೆಕ್ಸ್ ಅಂತ ಬೇರೆ ಬೇರೆ ಖಾತೆ, ಕಾರ್ಡ್ ಮಾತ್ರ ಒಂದೇ.

ಆ ಕಾಲದಲ್ಲಿ ಹೊರಗಿನ ಅಂಗಡಿಗಳಲ್ಲಿ ಎಷ್ಟೋ ಕಡೆ ಕ್ರೆಡಿಟ್ ಕಾರ್ಡಿನ ಮೇಲೆ ಕಾರ್ಬನ್ ಚೀಟಿ ಇಟ್ಟು ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಕಾಲೇಜಿಗೆ ಹೇಗೆ ಸಾಧ್ಯವಾಯಿತು? ಜಾಗ ಅದರದ್ದೇ, ತಂತಿ ಎಳೆಯಲು ಯಾರ ಅಪ್ಪಣೆಯೂ ಬೇಡ, ಗಿರಾಕಿಗಳೂ ಗೊತ್ತಿರುವವರೇ. ಬಾಕಿ ಕಟ್ಟದಿದ್ದರೆ ಮಾರ್ಕ್ಸ್ ಕಾರ್ಡ್ ತಡೆಹಿಡಿಯಬಹುದಿತ್ತು! ಹೀಗೆ ತನ್ನ ಬೇಲಿಯೊಳಗೇ ಸುತ್ತುವ ದುಡ್ಡಿಗೆ ಕ್ಲೋಸ್ಡ್ ಲೂಪ್ ಅನ್ನುತ್ತಾರೆ. ವೀಸಾ, ಮಾಸ್ಟರ್‌ಕಾರ್ಡ್ ಓಪನ್ ಲೂಪ್.

ಒಮ್ಮೆ ತಂತಿ ಎಳೆದ ಮೇಲೆ ಮೆಸ್ಸಿಗೆ ಮಾತ್ರ ಬಳಸಿ ಸುಮ್ನೆ ಕೂರೋದಕ್ಕೆ ಯಾರಿಗೂ ಮನಸ್ಸಾಗಲಿಲ್ಲ. ಬಟ್ಟೆ ಒಗೆಯುವ ಯಂತ್ರ, ಕೋಲಾ ಯಂತ್ರ, ಪುಸ್ತಕದ ಅಂಗಡಿ, ಹಾಸ್ಟೆಲ್ ಬಾಗಿಲು ಒಂದೊಂದಾಗಿ ಸೇರಿಕೊಂಡವು. ಬಾಗಿಲಿನ ವಿಷಯದಲ್ಲಿ ಲಾಭ ದೊಡ್ಡದು: ಬೀಗದ ಕೈ ಕಳೆದರೆ ಬೀಗವನ್ನೇ ಬದಲಿಸಬೇಕು, ಕಾರ್ಡ್ ಕಳೆದರೆ ಕಂಪ್ಯೂಟರಿನಲ್ಲಿ ಒಂದು ಸಾಲು ತಿದ್ದಿದರೆ ಆಯ್ತು.

ಮುಂದೆ ಟೆಲಿಫೋನ್ ಕಂಪನಿಗಳೂ ಈ ಕಾರ್ಡಿನ ವ್ಯಾಪಾರಕ್ಕೆ ಇಳಿದವು. ಯಾಕೆ ಅಂದರೆ, ಅಮೆರಿಕದ ಫೋನ್ ವ್ಯವಸ್ಥೆಯ ಬಹುಪಾಲು ಕೈಯಲ್ಲಿಟ್ಟುಕೊಂಡಿದ್ದ ಎಟಿ ಅಂಡ್ ಟಿ ಕಂಪನಿ 1984ರಲ್ಲಿ ಒಡೆದ ಮೇಲೆ ದೂರದೂರಿನ ಕರೆಗಳಿಗೆ ಭಾರಿ ಪೈಪೋಟಿ ಶುರುವಾಯಿತು. ಹಾಸ್ಟೆಲ್‌ನಲ್ಲಿ ಕೂತು ಮನೆಗೆ ಫೋನ್ ಮಾಡುವ ಸಾವಿರಾರು ಹುಡುಗ ಹುಡುಗಿಯರು ಅಂದರೆ ಒಳ್ಳೆಯ ವ್ಯಾಪಾರ. ಎಟಿ ಅಂಡ್ ಟಿ ಕ್ಯಾಂಪಸ್‌ವೈಡ್ ಅನ್ನುವ ಕಾರ್ಡ್ ವ್ಯವಸ್ಥೆಯನ್ನೇ ಮಾರಿತು. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಕಾರ್ಡಿನಲ್ಲಿ ಬ್ಯಾಂಕ್ ಖಾತೆಯೂ ಫೋನ್ ಸೌಲಭ್ಯವೂ ಸೇರಿದವು.

ಕಾರ್ಡಿನಲ್ಲಿರುವ ಆ ಒಂದು ನಂಬರ್ ಯಾವುದು ಅನ್ನುವುದು ಈ ಇತಿಹಾಸದ ಕೆಟ್ಟ ಅಧ್ಯಾಯ. ಬಹಳ ಕಾಲೇಜುಗಳು ಸೋಶಿಯಲ್ ಸೆಕ್ಯುರಿಟಿ ನಂಬರನ್ನೇ (ಪಿಂಚಣಿಯಂಥ ಲೆಕ್ಕಕ್ಕೆ ಅಮೆರಿಕ ಸರ್ಕಾರ ಕೊಡುವ ಸಂಖ್ಯೆ) ವಿದ್ಯಾರ್ಥಿ ಸಂಖ್ಯೆಯಾಗಿ ಬಳಸಿದವು. 9 ಅಂಕಿ, ಹೆಚ್ಚುಕಮ್ಮಿ ಎಲ್ಲರ ಬಳಿ ಇರುತ್ತದೆ, ಹೊಸದಾಗಿ ಹಂಚುವ ಕೆಲಸ ಇಲ್ಲ. ಆಡಳಿತದವರ ಸೋಮಾರಿತನ ಅಂತಲೇ ನಾನು ಹೇಳೋದು. 1946ರಿಂದ 1972ರವರೆಗೆ ಸೋಶಿಯಲ್ ಸೆಕ್ಯುರಿಟಿ ಕಾರ್ಡಿನ ಮೇಲೇ ಇದು ಗುರುತು ತೋರಿಸಲು ಅಲ್ಲ ಅಂತ ಅಚ್ಚಾಗುತ್ತಿತ್ತು! ಅದೇ ನಂಬರ್ ಕದ್ದರೆ ನಿಮ್ಮ ಹೆಸರಲ್ಲಿ ಸಾಲ ಎತ್ತಬಹುದು. ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲಿ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 1992ರಲ್ಲಿ ಫೆಡರಲ್ ನ್ಯಾಯಾಲಯ ಹೆಸರು ಮತ್ತು ಈ ನಂಬರ್ ಎರಡೂ ಇರುವ ತರಗತಿ ಪಟ್ಟಿ ಹಂಚಬಾರದು ಅಂತ ತಡೆ ಕೊಟ್ಟಿತು. ಆಧಾರವಾಗಿದ್ದು ವಿದ್ಯಾರ್ಥಿ ದಾಖಲೆಗಳ ಗೋಪ್ಯತೆಯ 1974ರ ಕಾಯ್ದೆ, ಫೆರ್ಪಾ. 2000ದ ನಂತರ ರಾಜ್ಯಗಳ ಕಾನೂನುಗಳ ಒತ್ತಡ ಬಂದ ಮೇಲೆ ಕಾಲೇಜುಗಳು ತಮ್ಮದೇ ನಂಬರ್ ಕೊಡುವುದು ಮಾಮೂಲಾಯಿತು.

ಇಲ್ಲೊಂದು ಸಣ್ಣ ಜಾಣತನ ಗಮನಿಸಿ. ವಿದ್ಯಾರ್ಥಿಯ ನಂಬರ್ ಬದಲಾಗೋದಿಲ್ಲ, ಹಾಗಾದರೆ ಕಳೆದ ಕಾರ್ಡಿಗೂ ಹೊಸ ಕಾರ್ಡಿಗೂ ಏನು ವ್ಯತ್ಯಾಸ? ನಂಬರಿನ ಜೊತೆ ಒಂದು ಹೆಚ್ಚುವರಿ ಅಂಕಿ ಸೇರಿಸಿದರು. ಮೊದಲ ಕಾರ್ಡಿಗೆ 0, ಕಳೆದುಕೊಂಡು ಇನ್ನೊಂದು ಮಾಡಿಸಿದರೆ 1, ಈ ಥರ. ಹಳೆಯದನ್ನು ಯಾರಾದರೂ ಉಜ್ಜಿದರೆ ಕಂಪ್ಯೂಟರ್ ಒಪ್ಪುವುದಿಲ್ಲ. ಕಳೆದ ಕಾರ್ಡಿಗೆ ಇದು ಸಾಕು, ಆದರೆ ಈಗ ಚಾಲ್ತಿಯಲ್ಲಿರುವ ಕಾರ್ಡನ್ನೇ ನಕಲು ಮಾಡಿದರೆ ಇದರಿಂದ ಏನೂ ಉಪಯೋಗವಿಲ್ಲ.

ತಂತಿಯ ಕಡೆಯೂ ಪ್ರಶ್ನೆ ಎದ್ದಿತು. ಕ್ಯಾಂಪಸ್‌ವೈಡ್ ಅಷ್ಟರಲ್ಲಿ ಬ್ಲ್ಯಾಕ್‌ಬೋರ್ಡ್ ಕಂಪನಿಯ ಕೈ ಸೇರಿತ್ತು. 2003ರ ಏಪ್ರಿಲ್‌ನಲ್ಲಿ ಬಿಲ್ಲಿ ಹಾಫ್‌ಮನ್ ಮತ್ತು ವರ್ಜಿಲ್ ಗ್ರಿಫಿತ್ ಎಂಬ ಇಬ್ಬರು ವಿದ್ಯಾರ್ಥಿಗಳು ಇದರ ದೌರ್ಬಲ್ಯಗಳ ಬಗ್ಗೆ ಅಟ್ಲಾಂಟಾದ ಒಂದು ಸಮ್ಮೇಳನದಲ್ಲಿ ಮಾತಾಡಬೇಕಿತ್ತು. ರೀಡರ್ ಮತ್ತು ಕಂಪ್ಯೂಟರ್ ನಡುವಿನ ಸಂದೇಶಕ್ಕೆ ಸರಿಯಾದ ರಕ್ಷಣೆ ಇಲ್ಲ ಅನ್ನುವುದು ಅವರ ವಾದ. ಕಂಪನಿ ಕೋರ್ಟಿನಿಂದ ತಡೆ ತಂದು ಭಾಷಣ ನಿಲ್ಲಿಸಿತು, ಅದೇ ವರ್ಷ ರಾಜಿಯಲ್ಲಿ ಮೊಕದ್ದಮೆ ಮುಗಿಯಿತು. ಬಾಯಿ ಮುಚ್ಚಿಸಿದ್ದರಿಂದ ತಂತಿ ಏನೂ ಗಟ್ಟಿಯಾಗಲಿಲ್ಲ, ಇದು ನನ್ನ ಅಭಿಪ್ರಾಯ.

ಪಟ್ಟಿಯ ಜಾಗಕ್ಕೆ ಚಿಪ್ ಇರುವ, ಮುಟ್ಟಿಸಿದರೆ ಸಾಕಾಗುವ ಕಾರ್ಡುಗಳು ಬಂದವು. 2018ರಲ್ಲಿ ಡ್ಯೂಕ್, ಅಲಬಾಮಾ, ಒಕ್ಲಹೋಮಾ ವಿಶ್ವವಿದ್ಯಾಲಯಗಳಲ್ಲಿ ಐಫೋನೇ ಕಾರ್ಡ್ ಆಯಿತು. ಆದರೆ ಕ್ಯಾಂಪಸ್ಸಿನ ನೂರಾರು ರೀಡರುಗಳನ್ನು ಒಂದೇ ಸಲ ಕಿತ್ತು ಹಾಕಲು ದುಡ್ಡು ಯಾರು ಕೊಡಬೇಕು? ಅದಕ್ಕೇ ಎಷ್ಟೋ ಕಡೆ ವರ್ಷಗಟ್ಟಲೆ ಒಂದೇ ಕಾರ್ಡಿನ ಒಳಗೆ ಚಿಪ್, ಹಿಂದೆ ಅದೇ ಹಳೆಯ ಕಪ್ಪು ಪಟ್ಟಿ.