ಯಾವುದು ಕಾಯಿಲೆ, ಯಾವುದು ಬರೀ ಕೋಪ: ಚೆನ್ನಾಗಿರುವಾಗಲೇ ಬರೆದಿಡಿ

ಬೈಪೋಲಾರ್ (ಮನಸ್ಸು ಒಮ್ಮೆ ಅತಿಯಾಗಿ ಏರಿ, ಇನ್ನೊಮ್ಮೆ ಕುಸಿಯುವ ಕಾಯಿಲೆ) ಅಥವಾ ಖಿನ್ನತೆ ಇರುವವರ ಮನೆಯಲ್ಲಿ ಒಂದು ಪ್ರಶ್ನೆ ತಪ್ಪುವುದೇ ಇಲ್ಲ. 'ಮಾತ್ರೆ ತಗೊಂಡ್ಯಾ?' ಸಾರಿಗೆ ಉಪ್ಪು ಜಾಸ್ತಿ ಅಂದರೂ ಅದೇ. ತಮ್ಮನ ಜೊತೆ ಜಮೀನಿನ ವಿಷಯಕ್ಕೆ ಜೋರಾಗಿ ಮಾತಾಡಿದರೂ ಅದೇ. ಕೇಳುವವರದ್ದು ಕಾಳಜಿಯೇ, ಇಲ್ಲ ಅನ್ನಲ್ಲ. ಆದರೆ ಕೇಳಿಸಿಕೊಳ್ಳುವವರಿಗೆ ತಮಗೆ ಕೋಪ ಮಾಡಿಕೊಳ್ಳುವ ಹಕ್ಕೂ ಉಳಿದಿಲ್ಲ ಅನಿಸುತ್ತದೆ. ಕೊನೆಗೆ ಆ ಸಿಟ್ಟಿಗೇ ಮಾತ್ರೆ ಬಿಡುತ್ತಾರೆ. ಕೋಲಾರದಲ್ಲಿ ನನ್ನ ಹತ್ತಿರ ಚಿಕಿತ್ಸೆಗೆ ಬರುವವರು ಮಾತ್ರೆ ನಿಲ್ಲಿಸಲು ಹೇಳುವ ಕಾರಣಗಳಲ್ಲಿ ಇದು ಸಣ್ಣದೇನಲ್ಲ.

ಅದಕ್ಕೇ ಒಂದು ನೋಟ್‌ಬುಕ್ ತರಲು ಹೇಳುತ್ತೇನೆ. ಕಾಯಿಲೆ ಮರಳಿದರೆ ಗುರುತಿಸುವುದು ಹೇಗೆ, ಯಾರು ಏನು ಮಾಡಬೇಕು ಅನ್ನುವ ಅವರದೇ ಒಂದು ಯೋಜನೆಯನ್ನು ಅದರಲ್ಲಿ ಬರೆಯಬೇಕು. ಇಂಥ ಯೋಜನೆಯ ಹೆಸರಾದ ಮಾದರಿಯೊಂದು 1997ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಹುಟ್ಟಿತು. ಅದನ್ನು ಮಾಡಿದವರು ಮಾನಸಿಕ ಕಾಯಿಲೆಯನ್ನು ಸ್ವತಃ ಅನುಭವಿಸಿದವರು. ನನಗೆ ಅದರಲ್ಲಿ ಹಿಡಿಸಿದ್ದೂ ಇದೇ. ಡಾಕ್ಟರೋ ಅಣ್ಣನೋ ಬರೆದುಕೊಟ್ಟರೆ ಅದು ಇನ್ನೊಂದು ಔಷಧಿ ಚೀಟಿ ಅಷ್ಟೇ. ಓದು ಬರಹ ಬಾರದವರು ತಾವು ಹೇಳಲಿ, ಮಕ್ಕಳು ಬರೆದುಕೊಳ್ಳಲಿ. ಬರೆಯುವುದು ಚೆನ್ನಾಗಿರುವಾಗಲೇ ಆಗಬೇಕು. ಮನಸ್ಸು ಏರಿದಾಗ ಯೋಜನೆ ಯಾಕೆ ಅನಿಸುತ್ತದೆ. ಕುಸಿದಾಗ ಪೆನ್ನು ಹಿಡಿಯುವುದೇ ಕಷ್ಟ.

ಮೊದಲ ಪುಟ: ನಾನು ಸರಿಯಿರುವಾಗ ಹೇಗಿರುತ್ತೇನೆ? ಬಹಳ ಜನ ಇದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಆದರೆ ಹುಟ್ಟಾ ಮಾತುಗಾರರೊಬ್ಬರ ಮಾತನ್ನೇ ಮನೆಯವರು ಕಾಯಿಲೆ ಅಂದುಕೊಂಡರೆ ಏನು ಗತಿ? ನನಗೆ ಬೇಗ ಕೋಪ ಬರುತ್ತದೆ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ, ಹಬ್ಬಕ್ಕೆ ಸ್ವಲ್ಪ ಜಾಸ್ತಿ ಖರ್ಚು ಮಾಡುತ್ತೇನೆ. ಇದೆಲ್ಲ ಇಲ್ಲಿ ಬರಲಿ. ಈ ಪುಟದಲ್ಲಿ ಇರುವುದನ್ನು ನೋಡಿ ಯಾರೂ ಮಾತ್ರೆ ವಿಷಯ ಎತ್ತುವಂತಿಲ್ಲ.

ಎರಡನೆಯದು ಕಾಯಿಲೆ ಮರಳುತ್ತಿರುವ ಗುರುತುಗಳು. 'ನಿದ್ದೆ ಕಡಿಮೆ, ಮಾತು ಜಾಸ್ತಿ' ಅಂತ ಬರೆದರೆ ಸಾಲದು, ಅದು ಎಲ್ಲ ಪುಸ್ತಕದಲ್ಲೂ ಇದೆ. ನಿಮಗೆ ಮಾತ್ರ ಆಗುವುದು ಏನು? ಗುರುತು ಸಿಗದ ಹಾಗೆ ಬದಲಾಯಿಸಿ ಹೇಳುವುದಾದರೆ, ಟೊಮೆಟೊ ಬೆಳೆಯುವ ಒಬ್ಬರು ಬೆಳಗಿನ ಜಾವ ನಾಲ್ಕಕ್ಕೆ ಮಂಡಿಯವರಿಗೆ ಫೋನ್ ಮಾಡಲು ಶುರು ಮಾಡುತ್ತಾರೆ, ಊರಲ್ಲಿ ಸಿಕ್ಕವರ ಜಮೀನೆಲ್ಲ ಗುತ್ತಿಗೆಗೆ ಕೇಳುತ್ತಾರೆ. ಒಬ್ಬ ಹೆಣ್ಣುಮಗಳು ಕುಸಿಯುವ ಮೊದಲು ಡೇರಿಗೆ ಹಾಲು ಹಾಕಲು ತಾನು ಹೋಗದೆ ಮಗನನ್ನು ಕಳಿಸುತ್ತಾಳೆ. ಸಾಲಿನಲ್ಲಿ ನಿಂತವರ ಜೊತೆ ಮಾತಾಡಬೇಕಲ್ಲ, ಅದು ಬೇಡ. ಒಬ್ಬ ವಿದ್ಯಾರ್ಥಿ ವಾಟ್ಸಾಪ್ ಫೋಟೊ ದಿನಕ್ಕೆ ನಾಲ್ಕು ಸಲ ಬದಲಾಯಿಸುತ್ತಾನೆ. ಇವು ಬೇರೆಯವರ ಕಣ್ಣಿಗೆ ಮೊದಲು ಬೀಳುತ್ತವೆ. ಹಾಗಾಗಿ ಮನೆಯವರು ನೆನಪಿಸಲಿ. ಒಪ್ಪುವುದು, ಹೊಡೆದು ಹಾಕುವುದು ಮಾತ್ರ ಕಾಯಿಲೆ ಇರುವವರದೇ ತೀರ್ಮಾನ.

ಆಮೇಲೆ ಒಪ್ಪಂದ. ಒಂದು ಗುರುತು ಕಂಡರೆ ಸುಮ್ನೆ ಇರಬೇಕು. ಎರಡು ಗುರುತು ಎರಡು ದಿನ ಜೊತೆಯಾಗಿ ಕಂಡರೆ ಒಬ್ಬರು, ಒಂದೇ ಸಲ ಕೇಳಬೇಕು. ಆ ಒಬ್ಬರು ಯಾರು ಅಂತ ಹೆಸರು ಬರೆಯಿರಿ. ಅದು ಗಂಡನೇ ಆಗಬೇಕಿಲ್ಲ. ಅತ್ತಿಗೆಯೋ ಗೆಳತಿಯೋ ಕೇಳಿದರೆ ಎಷ್ಟೋ ಸಲ ಜಗಳವಿಲ್ಲದೆ ಮುಗಿಯುತ್ತದೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಇಲ್ಲದಿದ್ದರೂ ದಣಿವೇ ಕಾಣದಿದ್ದರೆ ಚರ್ಚೆ ಬೇಡ, ಡಾಕ್ಟರಿಗೆ ಫೋನ್.

ನಿದ್ದೆಯನ್ನು ಬೇರೆ ಇಟ್ಟು ಹೇಳಲು ಕಾರಣ ಇದೆ. ಬೈಪೋಲಾರ್‌ನಲ್ಲಿ ನಿದ್ದೆಗೆಡುವುದು ಕಾಯಿಲೆಯ ಗುರುತು ಮಾತ್ರ ಅಲ್ಲ, ಅದೇ ಕಾಯಿಲೆಯನ್ನು ಕೆರಳಿಸುತ್ತದೆ. ನಮ್ಮ ಕಡೆಯ ಕೆಲಸಗಳೋ ನಿದ್ದೆ ಕೆಡಿಸುವಂಥವೇ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಮಾಡುವವರಿಗೆ ಗೊತ್ತು, ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ಒಂದು ವಾರ ಹುಳುಗಳಿಗೆ ರಾತ್ರಿಯೂ ಸೊಪ್ಪು ಹಾಕಬೇಕು. ಹುಳು ಹಣ್ಣಾದರೆ ಹೊತ್ತು ನೋಡದೆ ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಹುಳು ಸಾಕಬೇಡಿ ಅಂತ ನಾನು ಹೇಳಲಾರೆ, ಹೊಟ್ಟೆಪಾಡು. ಆ ವಾರದ ರಾತ್ರಿ ಪಾಳಿ ಯಾರದ್ದು ಅಂತ ಮೊಟ್ಟೆ ತರುವ ಮೊದಲೇ ಬರೆಯಿರಿ ಅನ್ನುತ್ತೇನೆ. ನರಸಾಪುರದ ಕಾರ್ಖಾನೆಗಳಲ್ಲಿ ವಾರ ವಾರ ಶಿಫ್ಟ್ ಬದಲಾಗುವವರಿಗೆ ಹಗಲು ಪಾಳಿ ಕೇಳಲು ಪತ್ರ ಬರೆದುಕೊಡುತ್ತೇನೆ. ಕರಗ, ಜಾತ್ರೆಗೆ ರಾತ್ರಿಯಿಡೀ ಎದ್ದಿರುವ ಆಸೆ ಇದ್ದರೆ ಮುಂಚೆಯೇ ಬಂದು ಮಾತಾಡಿ.

ಲಿಥಿಯಂ ತಗೊಳ್ಳುವವರಿಗೆ ಇನ್ನೊಂದು ಪುಟ ಬೇಕೇ ಬೇಕು. ಮನಸ್ಸಿನ ಏರಿಳಿತ ತಡೆಯಲು ಇದು ಒಳ್ಳೆಯ ಔಷಧಿ, ಆದರೆ ಅಳತೆ ಮೀರಬಾರದು. ರಕ್ತದಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗೆ ಇರುವಂತೆ ನೋಡಿಕೊಳ್ಳುತ್ತೇವೆ. ಕೊನೆಯ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ರಕ್ತ ಕೊಡಬೇಕು. ಥೈರಾಯ್ಡ್, ಕಿಡ್ನಿ ಪರೀಕ್ಷೆಯೂ ಆಗಾಗ ಆಗಬೇಕು. ಬಿಸಿಲಲ್ಲಿ ಬೆವರಿ ನೀರು ಕುಡಿಯದಿದ್ದರೆ, ವಾಂತಿ ಭೇದಿ ಆದರೆ, ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರೆ ಲಿಥಿಯಂ ಮಟ್ಟ ಏರುತ್ತದೆ. ಎಲ್ಲರೂ ಮರೆಯುವುದು ನೋವಿನ ಔಷಧಿಯನ್ನು. ಫ್ಲೋರೈಡ್ ನೀರಿನ ಊರುಗಳಲ್ಲಿ ಮಂಡಿನೋವು, ಸೊಂಟನೋವು ಹೊಸದೇನಲ್ಲ. ಊರಿನ ಕ್ಲಿನಿಕ್‌ಗೆ ಹೋಗಿ ಡೈಕ್ಲೋಫೆನಾಕ್ ಸೂಜಿ ಚುಚ್ಚಿಸಿಕೊಳ್ಳುವುದೂ ಹೊಸದಲ್ಲ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಎರಡೂ ಲಿಥಿಯಂ ಏರಿಸುತ್ತವೆ. 'ಲಿಥಿಯಂ ತಗೊಳ್ತಿದ್ದೀನಿ' ಅಂತ ಚೀಟಿ ಬರೆದು ಪರ್ಸಿನಲ್ಲಿ ಇಡಿ. ಕೈ ಜೋರಾಗಿ ನಡುಗಿದರೆ, ವಾಂತಿಯಾದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ದಿನಚರಿ ಪುಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೆಳಿಗ್ಗೆ ಐದಕ್ಕೆ ಯೋಗ ಅಂತ ಎಲ್ಲರೂ ಬರೆಯುತ್ತಾರೆ, ಅವರಲ್ಲಿ ಅರ್ಧ ಜನ ಐದಕ್ಕೆ ಎದ್ದವರೇ ಅಲ್ಲ. ತೀರಾ ಕೆಟ್ಟ ದಿನದಲ್ಲೂ ಆಗುವಂಥದ್ದು ಬರೆಯಿರಿ. ಮುಖ ತೊಳೆಯುವುದು, ಅರ್ಧ ಮುದ್ದೆ ತಿನ್ನುವುದು, ಹತ್ತು ನಿಮಿಷ ಜಗಲಿಯ ಬಿಸಿಲಲ್ಲಿ ಕೂರುವುದು. ಕುಡಿತದ ಬಗ್ಗೆ ಒಂದೇ ಸಾಲು: ಮಾತ್ರೆ ಜೊತೆ ಬೇಡ.

ಕಷ್ಟ ಮಿತಿಮೀರಿದಾಗಿನ ಪುಟದಲ್ಲಿ ಫೋನ್ ನಂಬರುಗಳು ಇರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆ ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ, ಯಾರಿಗಾದರೂ ಬಾಯಿಬಿಟ್ಟು ಹೇಳಿ. ಬೆಳೆಗೆ ಹೊಡೆಯುವ ಔಷಧಿಯನ್ನು ಮನೆಯೊಳಗೆ ಇಡಬೇಡಿ. ಬೇರೆಯವರ ಹತ್ತಿರ, ಬೀಗದಲ್ಲಿ ಇರಲಿ. ಇದನ್ನು ಮನೆಯವರು ಇವತ್ತೇ ಮಾಡಬಹುದು.

ಹೇಗೆ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರತಿ ವಯಸ್ಕರಿಗೂ ಕೊಟ್ಟಿದೆ. ನಿಮ್ಮ ಪರವಾಗಿ ಮಾತಾಡುವವರನ್ನು ನೀವೇ ಹೆಸರಿಸಬಹುದು. ನೋಟ್‌ಬುಕ್ಕಿನ ಪುಟ ತನ್ನಷ್ಟಕ್ಕೆ ಕಾನೂನಿನ ದಾಖಲೆ ಆಗುವುದಿಲ್ಲ, ಅದಕ್ಕೆ ಬೇರೆ ನಮೂನೆ ಇದೆ. ತುರ್ತು ಚಿಕಿತ್ಸೆಗೆ ಹೀಗೆ ಮೊದಲೇ ಬರೆದಿಟ್ಟದ್ದು ಅನ್ವಯಿಸುವುದಿಲ್ಲ ಅನ್ನುವುದೂ ಗೊತ್ತಿರಲಿ.

ಇನ್ನು ದುಡ್ಡು. ಮನಸ್ಸು ಏರಿದಾಗ ಎಟಿಎಂ ಕಾರ್ಡು, ಬೈಕಿನ ಕೀಲಿ, ಜಮೀನಿನ ಪತ್ರ ಯಾರ ಕೈಗೆ ಹೋಗಬೇಕು ಅಂತ ಎಲ್ಲರೂ ಚೆನ್ನಾಗಿ ಬರೆಯುತ್ತಾರೆ. ವಾಪಸ್ ಯಾವಾಗ ಅನ್ನುವುದನ್ನು ಬರೆಯುವುದಿಲ್ಲ. ಹುಷಾರಾಗಿ ಎಷ್ಟೋ ತಿಂಗಳಾದರೂ ಬಸ್ ಚಾರ್ಜಿಗೆ ಮಗನ ಮುಂದೆ ಕೈಚಾಚುವವರನ್ನು ನೋಡಿದ್ದೇನೆ. ಉದಾಹರಣೆಗೆ ಹೀಗೆ ಬರೆಯಬಹುದು: ಎರಡು ವಾರ ನಿದ್ದೆ ಸರಿಯಾಗಿ ಆದರೆ, ಡಾಕ್ಟರೂ ಸರಿ ಅಂದರೆ, ಮೊದಲು ಬೈಕಿನ ಕೀಲಿ. ಇನ್ನು ಎರಡು ವಾರಕ್ಕೆ ಕಾರ್ಡು. ಜಮೀನಿನ ಪತ್ರ ಮೂರು ತಿಂಗಳ ಮೇಲೆ. ಪುಟದ ಕೆಳಗೆ, ಇವನ್ನೆಲ್ಲ ಇಟ್ಟುಕೊಂಡವರೂ ಸಹಿ ಹಾಕಲಿ.